ಎಬ್ಬಿಸಿದರೂ ಏಳದ ಯಂತ್ರ

ಮನೆಯ ಯಜಮಾನರು ಕಾಲವಾಗಿ ಹದಿನೈದು ದಿನಗಳಾಗಿವೆ. ವೈಕುಂಠ ಸಮಾರಾಧನೆ ಮುಗಿದು, ಬಂದ ನೆಂಟರೆಲ್ಲ ಊರುಗಳಿಗೆ ಮರಳಿದ್ದಾರೆ. ವಿಮೆಯ ಕಾಗದಗಳ ಪ್ರತಿ, ಬ್ಯಾಂಕಿನ ಠೇವಣಿಯ ವಿವರ, ಮಗಳ ಮದುವೆಯ ಭಾವಚಿತ್ರಗಳು, ಎಲ್ಲವೂ ನಡುಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನೊಳಗೆ ಇವೆ. ಮಗನು ಬಂದು ಗುಂಡಿಯನ್ನು ಒತ್ತುತ್ತಾನೆ. ಯಂತ್ರವು ಎಚ್ಚರಗೊಂಡು, ತೆರೆಯ ಮೇಲೆ ತಂದೆಯ ಹೆಸರನ್ನು ತೋರಿಸಿ, ಪಾಸ್‌ವರ್ಡನ್ನು ಕೇಳುತ್ತದೆ. ಅದನ್ನು ಬಲ್ಲವರು ಒಬ್ಬರೇ ಇದ್ದರು. ಅವರು ಈಗ ಇಲ್ಲ.

ಇಂಥ ಪ್ರಸಂಗ ಇಂದಿನ ಮನೆಗಳಲ್ಲಿ ಅಪೂರ್ವವೇನೂ ಅಲ್ಲ. ಹಿಂದೆ ಬೀರುವಿನಲ್ಲಿ, ಟ್ರಂಕಿನಲ್ಲಿ ಇರುತ್ತಿದ್ದ ಸಂಸಾರದ ಕಾಗದಪತ್ರಗಳು ಈಗ ಯಂತ್ರದ ಹೊಟ್ಟೆಯನ್ನು ಸೇರಿವೆ. ಆ ಯಂತ್ರ ಒಂದು ದಿನ ಏಳದಿದ್ದರೆ, ಅಥವಾ ಎದ್ದೂ ಬಾಗಿಲು ತೆರೆಯದಿದ್ದರೆ ಏನು ಮಾಡಬೇಕೆಂಬುದು ಮನೆಯವರೆಲ್ಲರೂ ತಿಳಿದಿರಬೇಕಾದ ವಿಷಯ.

ಯಂತ್ರ ಏಳುವ ಬಗೆ

ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರು ಕೆಲಸಕ್ಕೆ ತೊಡಗುವುದಿಲ್ಲ. ಮೊದಲು ತನ್ನ ಅಂಗಾಂಗಗಳನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. 1981ರಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲೂ ಈ ಸ್ವಪರೀಕ್ಷೆ ಇತ್ತು. ಎಲ್ಲವೂ ಸರಿಯಾಗಿದ್ದರೆ ಅದು ಚಿಕ್ಕದಾಗಿ ಒಮ್ಮೆ ‘ಬೀಪ್’ ಎನ್ನುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಯಂತ್ರವು ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸ್‌ನಂಥ ಕಾರ್ಯವ್ಯವಸ್ಥೆಯನ್ನು ನೆನಪಿಗೆ ತಂದುಕೊಳ್ಳುತ್ತದೆ. ಕಡೆಯಲ್ಲಿ, ಎದುರಿಗಿರುವವರು ಮನೆಯವರೋ ಹೊರಗಿನವರೋ ಎಂದು ವಿಚಾರಿಸುತ್ತದೆ.

ವಿದ್ಯುತ್ತು, ಸ್ವಪರೀಕ್ಷೆ, ಕಾರ್ಯವ್ಯವಸ್ಥೆ, ಪ್ರವೇಶ ಎಂದು ಮೆಟ್ಟಿಲುಗಳು ಹೀಗೆ ನಾಲ್ಕು. ಯಾವ ಮೆಟ್ಟಿಲಿನಲ್ಲಿ ಯಂತ್ರ ಎಡವಿತೆಂದು ಗುರುತಿಸಿದರೆ ಅರ್ಧ ಚಿಕಿತ್ಸೆ ಆದಂತೆಯೇ. ರೋಗ ತಿಳಿಯುವ ಮುನ್ನವೇ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಲು ಹೊರಡುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ.

ದೀಪವೇ ಹತ್ತದಾಗ

ಗುಂಡಿ ಒತ್ತಿದರೂ ದೀಪವಿಲ್ಲ, ಪಂಖದ ಸದ್ದಿಲ್ಲ ಎಂದಾದರೆ ಮೊದಲು ಗೋಡೆಯ ಸ್ವಿಚ್ಚನ್ನು ನೋಡಬೇಕು. ಆ ಪ್ಲಗ್ಗಿಗೆ ಮೇಜಿನ ದೀಪವನ್ನು ಹಾಕಿ ಪರೀಕ್ಷಿಸಿದರೆ ದೋಷವು ಗೋಡೆಯದೋ ಯಂತ್ರದ್ದೋ ಎಂಬುದು ತಿಳಿಯುತ್ತದೆ. ಬಳಿಕ ವಿದ್ಯುತ್ತಿನ ತಂತಿಯನ್ನು ಪೂರ್ಣವಾಗಿ ಕಿತ್ತು, ಯಂತ್ರದ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ತಂತಿಯನ್ನು ಸೇರಿಸಿ ನೋಡಬೇಕು. ಒಳಗೆ ಉಳಿದಿದ್ದ ವಿದ್ಯುದಂಶ ಹರಿದುಹೋಗಿ, ಎಷ್ಟೋ ಯಂತ್ರಗಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತವೆ.

ದೀಪ ಹತ್ತಿಯೂ ತೆರೆ ಕಪ್ಪಾಗಿದ್ದರೆ, ತೆರೆಯ ತಂತಿ ಸಡಿಲವಾಗಿದೆಯೇ ಎಂದು ನೋಡುವುದು ಮುಂದಿನ ಕೆಲಸ. ಬೀಪ್ ಸದ್ದು ಮತ್ತೆ ಮತ್ತೆ ಕೇಳಿದರೆ ಅದನ್ನು ಎಣಿಸಿಕೊಳ್ಳಬೇಕು. ಎಷ್ಟು ಸದ್ದಿಗೆ ಯಾವ ದೋಷವೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಯಂತ್ರದೊಂದಿಗೆ ಬಂದ ಕೈಪಿಡಿಯನ್ನೇ ನೋಡುವುದು ಕ್ಷೇಮ.

ಕೆಲವು ಯಂತ್ರಗಳು ಏಳುತ್ತವೆ, ಆದರೆ ದಿನಾಂಕವನ್ನು ಮರೆತಿರುತ್ತವೆ. ಒಳಗಿನ ಫಲಕದ ಮೇಲೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅನೇಕ ಯಂತ್ರಗಳಲ್ಲಿ ಅದು 20 ಮಿಲಿಮೀಟರು ಅಗಲದ, 3 ವೋಲ್ಟಿನ ಸಿಆರ್ 2032. ಯಂತ್ರ ಮಲಗಿರುವಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸತ್ತರೆ ಯಂತ್ರದ ಕಾಲ ಹಿಂದಕ್ಕೆ ಜಾರುತ್ತದೆ. ದಿನಾಂಕ ತಪ್ಪಾದ್ದರಿಂದ ಬ್ಯಾಂಕಿನ ಜಾಲತಾಣ ಮೊದಲಾದವು ತೆರೆಯಲು ಒಪ್ಪುವುದಿಲ್ಲ. ಇಷ್ಟಕ್ಕೆ ಹೊಸ ಕಂಪ್ಯೂಟರು ಕೊಳ್ಳಬೇಕಾಗಿಲ್ಲ. ಆ ಸಣ್ಣ ಬ್ಯಾಟರಿಯನ್ನು ಬದಲಿಸಿದರೆ ಸಾಕು.

ನಡುದಾರಿಯಲ್ಲಿ ನಿಂತಾಗ

ತಯಾರಕರ ಮುದ್ರೆ ಮೂಡಿದ ಮೇಲೆ ಯಂತ್ರ ಮುಂದೆ ಸಾಗದಿದ್ದರೆ, ಚುಚ್ಚಿರುವ ಪೆನ್‌ಡ್ರೈವನ್ನು ಮೊದಲು ತೆಗೆಯಬೇಕು. ಡಿಸ್ಕನ್ನು ಬಿಟ್ಟು ಅದರಿಂದಲೇ ಏಳಲು ಯಂತ್ರವು ಹೆಣಗುತ್ತಿರಬಹುದು. ವಿಂಡೋಸ್ 10 ಮತ್ತು 11ರಲ್ಲಿ, ಎರಡು ಮೂರು ಬಾರಿ ಏಳಲಾಗದೆ ಬಿದ್ದ ಯಂತ್ರವು ಸಾಮಾನ್ಯವಾಗಿ ತಾನಾಗಿಯೇ ದುರಸ್ತಿಯ ಪುಟವನ್ನು ತೋರಿಸುತ್ತದೆ. ಪ್ರವೇಶದ ತೆರೆಯವರೆಗೆ ಬಂದು ನಿಲ್ಲುವುದಾದರೆ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ‘ರೀಸ್ಟಾರ್ಟ್’ ಆರಿಸಿದರೂ ಅದೇ ಪುಟ ದೊರೆಯುತ್ತದೆ. ಅಲ್ಲಿರುವ ‘ಸೇಫ್ ಮೋಡ್’ ಎಂಬುದು ಪಥ್ಯದ ಊಟವಿದ್ದಂತೆ. ತೀರ ಅಗತ್ಯವಾದ ಭಾಗಗಳಷ್ಟೇ ಎಚ್ಚರಗೊಳ್ಳುತ್ತವೆ. ತೊಂದರೆ ಕೊಡುತ್ತಿದ್ದ ಹೊಸ ತಂತ್ರಾಂಶವನ್ನು ಆಗ ನಿರಾಯಾಸವಾಗಿ ತೆಗೆಯಬಹುದು.

ಈ ಉಪಾಯದ ಬೆಲೆ 2024ರ ಜುಲೈ 19ರಂದು ಲೋಕಕ್ಕೆಲ್ಲ ತಿಳಿಯಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ತೆರೆ ತೋರಿಸಿ ಬಿದ್ದುಕೊಂಡವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಎಷ್ಟೋ ಕಡೆ ಪರಿಹಾರವಾದದ್ದು ಹೀಗೆಯೇ: ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದು.

ಆದರೆ ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತಿದ್ದರೆ ಯಾವ ಪ್ರಯೋಗವನ್ನೂ ಮಾಡಕೂಡದು. ಅದು ಯಂತ್ರಾಂಗವೇ ಸವೆದ ಸೂಚನೆ. ಮತ್ತೆ ಮತ್ತೆ ಗುಂಡಿ ಒತ್ತಿದಷ್ಟೂ ಒಳಗಿನ ಬರಹ, ಚಿತ್ರಗಳು ಕೈತಪ್ಪುವ ಸಂಭವ ಹೆಚ್ಚು. ಒಡನೆಯೇ ಆರಿಸಿ, ನುರಿತವರಲ್ಲಿಗೆ ಒಯ್ಯುವುದೊಂದೇ ದಾರಿ.

ಬಾಗಿಲಿನಲ್ಲಿ ತಡೆ

ಪಾಸ್‌ವರ್ಡಿನ ಕಾಟ ಇಂದಿನದಲ್ಲ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡವು ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು 1961ರಲ್ಲಿ ತೋರಿಸಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಅಲ್ಲಿ ಪಾಸ್‌ವರ್ಡು ಬಳಕೆಗೆ ಬಂದಿತು. ಮರುವರ್ಷವೇ ಅಲೆನ್ ಶೆರ್ ಎಂಬ ಸಂಶೋಧಕರು, ತಮಗೆ ಗೊತ್ತುಮಾಡಿದ್ದ ಗಣಕದ ಹೊತ್ತು ಸಾಲದೆ, ಎಲ್ಲರ ಪಾಸ್‌ವರ್ಡುಗಳನ್ನೂ ಅಚ್ಚು ಮಾಡಿಸಿಕೊಂಡರು. ಬೀಗ ಹುಟ್ಟಿದ ಹಿಂದೆಯೇ ಕಳ್ಳಕೀಲಿಯೂ ಹುಟ್ಟಿತು!

ಮನೆಗಳಲ್ಲಿ ಮಾತ್ರ ಕಳ್ಳರಿಗಿಂತ ಕೀಲಿಮಣೆಯ ಕಾಟವೇ ಹೆಚ್ಚು. ಕ್ಯಾಪ್ಸ್ ಲಾಕ್ ಹತ್ತಿದ್ದರೆ ಅಕ್ಷರಗಳೆಲ್ಲ ದೊಡ್ಡವಾಗುತ್ತವೆ; ನಮ್ ಲಾಕ್ ಆರಿದ್ದರೆ ಬಲಬದಿಯ ಅಂಕಿಗಳು ಮೂಡುವುದೇ ಇಲ್ಲ. ಕನ್ನಡದಲ್ಲಿ ಪತ್ರ ಬರೆಯುವವರ ಮನೆಯಲ್ಲಿ ಇನ್ನೊಂದು ತೊಡಕುಂಟು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಹಾಗೆಯೇ ಬಿಟ್ಟಿದ್ದರೆ, ಒತ್ತಿದ ಅಕ್ಷರವೇ ಒಂದು, ಯಂತ್ರ ಕೇಳಿಸಿಕೊಳ್ಳುವ ಅಕ್ಷರವೇ ಇನ್ನೊಂದು. ತೆರೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಿ, ಪೆಟ್ಟಿಗೆಯ ಪಕ್ಕದ ಕಣ್ಣಿನ ಚಿಹ್ನೆಯನ್ನು ಒತ್ತಿದರೆ ಗುಟ್ಟು ಬಯಲಾಗುತ್ತದೆ. ಆ ಯಂತ್ರಕ್ಕೆ ಮಾತ್ರ ಸಲ್ಲುವ ಪಿನ್ ಬೇರೆ, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡು ಬೇರೆ ಎಂಬುದನ್ನೂ ಮರೆಯಬಾರದು. ಖಾತೆಯ ಪಾಸ್‌ವರ್ಡು ಮರೆತರೆ, ಬೇರೊಂದು ಯಂತ್ರದಿಂದಲೋ ಫೋನಿನಿಂದಲೋ ಅದನ್ನು ಹೊಸದಾಗಿ ಮಾಡಿಕೊಳ್ಳಬಹುದು.

ಕೆಲವೊಮ್ಮೆ ಪ್ರವೇಶ ದೊರೆತೂ ಒಳಗೆ ಎಲ್ಲವೂ ಖಾಲಿ! ಮಕ್ಕಳ ಚಿತ್ರಗಳಿಲ್ಲ, ಲೆಕ್ಕದ ಹಾಳೆಗಳಿಲ್ಲ. ಯಂತ್ರವು ‘ಟೆಂಪೊರರಿ ಪ್ರೊಫೈಲ್’ ತೆರೆದಿರುವುದಾಗಿ ಹೇಳಿದರೆ ಎದೆಗೆಡಬೇಕಾಗಿಲ್ಲ. ಮನೆಯ ಸಾಮಾನು ಸಾಮಾನ್ಯವಾಗಿ ಒಳಕೋಣೆಯಲ್ಲೇ ಇರುತ್ತದೆ. ಬಂದವರನ್ನು ಜಗಲಿಯಲ್ಲಿ ಕೂರಿಸಿದೆ, ಅಷ್ಟೆ. ಆಗ ಹೊಸದಾಗಿ ಏನನ್ನೂ ಬರೆದಿಡದೆ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಬೇಕು. ಜಗಲಿಯಲ್ಲಿ ಇಟ್ಟದ್ದು ಹೊರಗೆ ಹೋದೊಡನೆ ಅಳಿಸಿಹೋಗುತ್ತದೆ.

ತೆರೆಯ ಮೇಲೆ ಎಚ್ಚರಿಕೆಯೊಂದಿಗೆ ಫೋನ್ ನಂಬರು ಮೂಡಿ, ಕೂಡಲೇ ಕರೆಮಾಡಿರೆಂದು ಹೆದರಿಸಿದರೆ ಅದು ಮೋಸವೆಂದೇ ತಿಳಿಯಬೇಕು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು.

ಬೀಗದ ಮೇಲೆ ಬೀಗ

ಮೊದಲು ಹೇಳಿದ ಆ ಮನೆಯವರ ಗತಿಯೇನು? ಡಿಸ್ಕಿಗೆ ಗೂಢಲಿಪಿಯ ಬೀಗವಿಲ್ಲದಿದ್ದರೆ ಚಿಂತೆಯಿಲ್ಲ. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಅಥವಾ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಆದರೆ ಇತ್ತೀಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಬರಹವೆಲ್ಲ, ಮನೆಯವರಿಗೆ ತಿಳಿಯದೆಯೇ, ಗೂಢಲಿಪಿಗೆ ತಿರುಗಿರುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಬಿಟ್‌ಲಾಕರ್ ಎಂದು ಹೆಸರು. ಈ ಬೀಗಕ್ಕೆ 48 ಅಂಕಿಗಳ ಒಂದು ಕೀಲಿಯುಂಟು. ಯಂತ್ರದ ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲೋ, ಅಚ್ಚು ಮಾಡಿಸಿದ ಹಾಳೆಯಲ್ಲೋ ಅದು ಇರಬಹುದು. ಎಲ್ಲಿಯೂ ಸಿಗದಿದ್ದರೆ ಮೈಕ್ರೋಸಾಫ್ಟಿನವರೂ ಅದನ್ನು ಮತ್ತೆ ಹುಟ್ಟಿಸಿ ಕೊಡಲಾರರು. ಮದುವೆಯ ಚಿತ್ರಗಳು ಕಣ್ಣೆದುರಿನ ಪೆಟ್ಟಿಗೆಯಲ್ಲೇ ಇದ್ದು, ಎಂದೆಂದಿಗೂ ಕಾಣದೆ ಹೋಗುತ್ತವೆ.

ಆದಕಾರಣ ಈ ರೋಗಕ್ಕೆ ಮುನ್ನೆಚ್ಚರಿಕೆಗಿಂತ ಮಿಗಿಲಾದ ಮದ್ದಿಲ್ಲ. ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಡಬೇಕು. ಗೂಗಲ್ 2013ರಿಂದಲೂ, ಆಪಲ್ 2021ರಿಂದಲೂ, ಖಾತೆಯ ಒಡೆಯರು ಇಲ್ಲವಾದ ಮೇಲೆ ಯಾರಿಗೆ ಪ್ರವೇಶವಿರಬೇಕೆಂದು ಮೊದಲೇ ಸೂಚಿಸಿಡುವ ಅನುಕೂಲವನ್ನು ಕಲ್ಪಿಸಿವೆ. ಇವೆಲ್ಲಕ್ಕಿಂತ ಸುಲಭವಾದದ್ದು ಒಂದು ಲಕೋಟೆ. ಅದರೊಳಗೆ ಯಂತ್ರದ ಪಾಸ್‌ವರ್ಡನ್ನೂ 48 ಅಂಕಿಗಳ ಕೀಲಿಯನ್ನೂ ಬರೆದು, ಅಂಟಿಸಿ, ಮನೆಯ ಪತ್ರ, ಒಡವೆಗಳ ಜೊತೆ ಬೀರುವಿನಲ್ಲಿ ಇಟ್ಟು, ಇಟ್ಟ ಜಾಗವನ್ನು ಮನೆಯಾಕೆಗೋ ಮಕ್ಕಳಿಗೋ ತಿಳಿಸಿದರೆ ಸಾಕು.

ಹಿಂದಿನ ಯಜಮಾನರು ಊರಿಗೆ ಹೊರಡುವಾಗ ಬೀಗದ ಕೈಗೊಂಚಲನ್ನು ಹೆಂಡತಿಯ ಕೈಗೆ ಕೊಟ್ಟೇ ಹೊಸ್ತಿಲು ದಾಟುತ್ತಿದ್ದರು. ಆ ಗೊಂಚಲಿಗೆ ಈಗ ಇನ್ನೊಂದು ಕೀಲಿ ಸೇರಬೇಕಾಗಿದೆ.