ಒಂದು ಕುರ್ಚಿಗೆ 50 ಕೋಟಿ ಡಾಲರ್

ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಊರಿನಲ್ಲಿ ಲಾಕ್‌ಹಾರ್ಟ್ ಸ್ಟೇಡಿಯಂ ಎಂಬ ಮೈದಾನವೊಂದಿತ್ತು. ಹೈಸ್ಕೂಲು ಹುಡುಗರ ಆಟಕ್ಕೆಂದು ಕಟ್ಟಿದ್ದು. ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ಗೆರ್ಡ್ ಮುಲ್ಲರ್ 1979ರಲ್ಲಿ ಇಲ್ಲಿಗೆ ಬಂದು, ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ತಂಡಕ್ಕೆ ಆಡಿದ. ಕೆಲವೇ ವರ್ಷಗಳಲ್ಲಿ ಆ ತಂಡ ಗಂಟುಮೂಟೆ ಕಟ್ಟಿ ದೂರದ ಮಿನೆಸೋಟಕ್ಕೆ ಹೋಯಿತು. 1998ರಲ್ಲಿ ಅದೇ ಮೈದಾನಕ್ಕೆ ಮಯಾಮಿ ಫ್ಯೂಷನ್ ಬಂತು. 2001ರಲ್ಲಿ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಸಪೋರ್ಟರ್ಸ್ ಶೀಲ್ಡ್ ಅದರ ಪಾಲಾಯಿತು. ಮರುವರ್ಷದ ಜನವರಿಯಲ್ಲಿ ತಂಡವನ್ನೇ ಮುಚ್ಚಿದರು. 2019ರಲ್ಲಿ ಮೈದಾನವನ್ನೂ ಕೆಡವಿ ಹೊಸದನ್ನು ಕಟ್ಟಿದರು. ಲಯೊನೆಲ್ ಮೆಸ್ಸಿ 2023ರ ಜುಲೈನಲ್ಲಿ ಇಂಟರ್ ಮಯಾಮಿ ಪರ ಮೊದಲ ಬಾರಿಗೆ ಕಣಕ್ಕಿಳಿದು, ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್ ಗೋಲು ಹೊಡೆದದ್ದು ಆ ಜಾಗದಲ್ಲೇ.

ಅಗ್ರಸ್ಥಾನದ ತಂಡಕ್ಕೆ ಬಾಗಿಲು ಹಾಕಿದ ಅಮೆರಿಕದ ಫುಟ್‌ಬಾಲ್ (ಅಲ್ಲಿನವರ ಮಾತಿನಲ್ಲಿ ಸಾಕರ್) ಲೀಗು, ಇಪ್ಪತ್ತೇ ವರ್ಷದಲ್ಲಿ ಮೆಸ್ಸಿಯನ್ನು ಕರೆತರುವಷ್ಟು ಬೆಳೆದದ್ದು ಹೇಗೆ? ಆಟ ಸುಧಾರಿಸಿತು ಎಂದರೆ ಅರ್ಧ ಉತ್ತರ ಕೊಟ್ಟಂತೆ. ಉಳಿದರ್ಧ ಇರುವುದು ತಂಡಗಳ ಒಡೆತನ ಯಾರದು, ಹೊಸಬರನ್ನು ಒಳಗೆ ಬಿಟ್ಟುಕೊಂಡದ್ದು ಯಾವ ಬೆಲೆಗೆ ಎಂಬುದರಲ್ಲಿ.

ಮುಲ್ಲರ್ ಆಡಿದ್ದು ಇದಕ್ಕೂ ಹಿಂದಿನ ನಾರ್ತ್ ಅಮೆರಿಕನ್ ಸಾಕರ್ ಲೀಗ್‌ನಲ್ಲಿ. 1968ರಲ್ಲಿ ಹುಟ್ಟಿದ ಆ ಲೀಗಿಗೆ ಬೆಳಕು ಬಿದ್ದದ್ದು 1975ರಲ್ಲಿ. ಸಿನಿಮಾ, ಸಂಗೀತದ ದೊಡ್ಡ ಕಂಪನಿಯಾದ ವಾರ್ನರ್ ಕಮ್ಯುನಿಕೇಷನ್ಸ್ ಆಗ ತನ್ನ ನ್ಯೂಯಾರ್ಕ್ ಕಾಸ್ಮೋಸ್ ತಂಡಕ್ಕೆ ಪೆಲೆಯನ್ನು ಕರೆತಂದಿತು. 1977ರ ಆಗಸ್ಟ್‌ನಲ್ಲಿ ಕಾಸ್ಮೋಸ್ ಮತ್ತು ಇದೇ ಸ್ಟ್ರೈಕರ್ಸ್ ನಡುವಿನ ಪಂದ್ಯಕ್ಕೆ 77,691 ಜನ ಸೇರಿದ್ದರು. ಆ ಗದ್ದಲ ನೋಡಿ ಲೀಗಿನ ಯಜಮಾನರಿಗೆ ತಲೆ ತಿರುಗಿತು. ಮರುವರ್ಷವೇ ತಂಡಗಳ ಸಂಖ್ಯೆ 18ರಿಂದ 24ಕ್ಕೆ ಏರಿತು. ಬಂದವರಲ್ಲಿ ಅನೇಕರಿಗೆ ಆಟವೂ ಗೊತ್ತಿರಲಿಲ್ಲ, ನಷ್ಟ ತಾಳುವ ಗಟ್ಟಿತನವೂ ಇರಲಿಲ್ಲ. ಎಲ್ಲರಿಗೂ ಒಬ್ಬೊಬ್ಬ ಪೆಲೆ ಬೇಕಿತ್ತು. ಕಾಸ್ಮೋಸ್‌ನ ಖಜಾನೆ ಎಲ್ಲರಲ್ಲೂ ಇರಲಿಲ್ಲ. 1984ರಲ್ಲಿ ಒಂಬತ್ತು ತಂಡ ಉಳಿದವು, ಮರುವರ್ಷ ಲೀಗೇ ಇಲ್ಲವಾಯಿತು.

1988ರಲ್ಲಿ ಫಿಫಾ, 1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ಕೊಟ್ಟಾಗ ಒಂದು ಷರತ್ತು ಹಾಕಿತು: ಉನ್ನತ ದರ್ಜೆಯ ಲೀಗೊಂದನ್ನು ಮತ್ತೆ ಶುರುಮಾಡಬೇಕು. ವಿಶ್ವಕಪ್ ನೋಡಲು 35 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಷರತ್ತಿನಂತೆ 1996ರ ಏಪ್ರಿಲ್‌ನಲ್ಲಿ ಮೇಜರ್ ಲೀಗ್ ಸಾಕರ್ ಆರಂಭವಾಯಿತು. ತಂಡಗಳು ಹತ್ತೇ ಹತ್ತು.

ಹಳೆಯ ಲೀಗಿನ ಗತಿ ನೋಡಿ ಬೆಚ್ಚಿದ್ದವರು ಈ ಸಲ ವಿಚಿತ್ರವಾದ ಕಟ್ಟುಪಾಡೊಂದನ್ನು ಹೂಡಿದರು. ಇಲ್ಲಿ ಹಣ ಹಾಕುವವನು ಕೊಳ್ಳುವುದು ತಂಡವನ್ನಲ್ಲ, ಲೀಗಿನಲ್ಲಿ ಒಂದು ಪಾಲನ್ನು. ಆ ಪಾಲಿನ ಜೊತೆಗೆ ಒಂದು ಊರಿನ ತಂಡವನ್ನು ನಡೆಸುವ ಹಕ್ಕು ಬರುತ್ತದೆ. ಅವನನ್ನು ಅಲ್ಲಿ ಮಾಲೀಕ ಎನ್ನದೆ ‘ಇನ್ವೆಸ್ಟರ್-ಆಪರೇಟರ್’ ಎನ್ನುತ್ತಾರೆ. ಆಟಗಾರನ ಕರಾರೂ ತಂಡದೊಂದಿಗಲ್ಲ, ಲೀಗಿನೊಂದಿಗೆ. ಸಂಬಳಕ್ಕೆ ಮಿತಿ. ಒಂದೇ ಊರಿನ ಹತ್ತು ಅಂಗಡಿಯವರು ಸಂಘ ಕಟ್ಟಿಕೊಂಡು, ಆಳುಗಳಿಗೆ ಇಷ್ಟೇ ಕೂಲಿ ಎಂದು ಗೊತ್ತುಮಾಡಿದ ಹಾಗೆ. ಇದು ಸ್ಪರ್ಧೆಯನ್ನು ಕೊಲ್ಲುತ್ತದೆ ಎಂದು ಆಟಗಾರರು 1997ರಲ್ಲಿ ನ್ಯಾಯಾಲಯಕ್ಕೆ ಹೋದರು. ಜ್ಯೂರಿ ಲೀಗಿನ ಪರ ನಿಂತಿತು. ಮೇಲ್ಮನವಿಯಲ್ಲೂ 2002ರಲ್ಲಿ ಲೀಗೇ ಗೆದ್ದಿತು. ಆಟಗಾರರ ವಾದದಲ್ಲಿ ನ್ಯಾಯವಿತ್ತು ಎಂದೇ ನನಗೆ ಅನ್ನಿಸುತ್ತದೆ. ಆದರೆ ಆ ಬಿಗಿ ಇಲ್ಲದಿದ್ದರೆ ಲೀಗು ಉಳಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಏಕೆಂದರೆ 2001ರ ಕೊನೆಗೆ ಅಂಗಡಿ ಮುಚ್ಚುವ ಮಾತು ಗಂಭೀರವಾಗಿಯೇ ನಡೆದಿತ್ತು. ಮೊದಲ ಐದು ವರ್ಷದ ನಷ್ಟ ಸುಮಾರು 25 ಕೋಟಿ ಡಾಲರ್ ಎಂದು ಆಗಿನ ಪತ್ರಿಕೆಗಳು ಬರೆದವು. ಅಷ್ಟರಲ್ಲಿ ಹನ್ನೆರಡಾಗಿದ್ದ ತಂಡಗಳಲ್ಲಿ ಫ್ಲೋರಿಡಾದ ಎರಡನ್ನು, ಮಯಾಮಿ ಫ್ಯೂಷನ್ ಮತ್ತು ಟ್ಯಾಂಪಾ ಬೇ ಮ್ಯೂಟಿನಿಯನ್ನು, ತೆಗೆದುಹಾಕಿದರು. ಉಳಿದ ಹತ್ತರಲ್ಲಿ ಆರು ತಂಡಗಳ ಹೊಣೆ ಒಂದು ಹಂತದಲ್ಲಿ ಒಬ್ಬನೇ ವ್ಯಕ್ತಿಯ ಮೇಲಿತ್ತು: ಎಣ್ಣೆ, ರೈಲು ವ್ಯವಹಾರಗಳಲ್ಲಿ ಶ್ರೀಮಂತನಾದ ಕೊಲರಾಡೋದ ಫಿಲಿಪ್ ಆನ್‌ಶುಟ್ಸ್. ಲೀಗಿನ ಭಾರ ಹೊತ್ತ ಇನ್ನಿಬ್ಬರು, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಲಮಾರ್ ಹಂಟ್ ಮತ್ತು ರಾಬರ್ಟ್ ಕ್ರಾಫ್ಟ್. ಶಿಕಾಗೋ ತಂಡ ಲಾಸ್ ಏಂಜಲಿಸ್ ತಂಡವನ್ನು ಸೋಲಿಸಿದರೆ, ಗೆದ್ದವನೂ ಸೋತವನೂ ಅದೇ ಆನ್‌ಶುಟ್ಸ್! ಇದನ್ನು ಸ್ಪರ್ಧೆ ಎಂದು ಕರೆಯಲು ಧೈರ್ಯ ಬೇಕು.

ಈ ಮೂವರಲ್ಲಿ ಹಂಟ್ ಕುರಿತು ಎರಡು ಮಾತು ಹೆಚ್ಚು ಹೇಳಬೇಕು. ಹಳೆಯ ಲೀಗಿನಲ್ಲೂ ಡಲ್ಲಾಸ್ ಟಾರ್ನೇಡೋ ತಂಡ ನಡೆಸಿ ಕೈಸುಟ್ಟುಕೊಂಡಿದ್ದವರು ಅವರು. ಆದರೂ ಮತ್ತೆ ಬಂದರು. 70 ಸಾವಿರ ಆಸನದ ಅಮೆರಿಕನ್ ಫುಟ್‌ಬಾಲ್ ಮೈದಾನವನ್ನು ಬಾಡಿಗೆಗೆ ಹಿಡಿದು, 15 ಸಾವಿರ ಜನರನ್ನು ಕೂರಿಸಿದರೆ ಆಟ ಸತ್ತಂತೆ ಕಾಣುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು. ಪಾರ್ಕಿಂಗ್ ಹಣವೂ ಕುರುಕಲು ತಿಂಡಿಯ ಹಣವೂ ಮೈದಾನದ ಒಡೆಯನಿಗೇ ಹೋಗುತ್ತಿತ್ತು. ಒಹಾಯೋ ರಾಜ್ಯದ ಕೊಲಂಬಸ್ ನಗರದ ಮತದಾರರು 1997ರಲ್ಲಿ ಕ್ರೀಡಾಂಗಣಕ್ಕೆ ತೆರಿಗೆ ಕೊಡಲಾರೆವೆಂದು ಮತ ಹಾಕಿದಾಗ, ಹಂಟ್ ಸ್ವಂತ ಖರ್ಚಿನಲ್ಲಿ, 3 ಕೋಟಿ ಡಾಲರಿಗೂ ಕಡಿಮೆ ವೆಚ್ಚದಲ್ಲಿ, ಕೊಲಂಬಸ್ ಕ್ರೂ ತಂಡಕ್ಕೆ ಮೈದಾನ ಕಟ್ಟಿಸಿದರು. 1999ರ ಮೇ ತಿಂಗಳಲ್ಲಿ ತೆರೆದ ಅದು ಈ ಲೀಗಿನಲ್ಲಿ ಸಾಕರ್‌ಗೆಂದೇ ಕಟ್ಟಿದ ಮೊದಲ ಕ್ರೀಡಾಂಗಣ. ನೋಡಲು ಅಂದವೇನಿರಲಿಲ್ಲ, ಲೋಹದ ಬೆಂಚುಗಳ ಸಾಲು ಅಷ್ಟೇ. ಮುಂದೆ ಲೀಗಿಗೆ ಸೇರಬಯಸಿದವರ ಬಳಿಯೆಲ್ಲ ‘ನಿಮ್ಮ ಮೈದಾನ ಎಲ್ಲಿ?’ ಎಂದು ಕೇಳುವ ರೂಢಿ ಬೆಳೆದದ್ದು ಇಲ್ಲಿಂದ.

2007ರಲ್ಲಿ ಟೊರಾಂಟೊ ಒಳಬಂದಾಗ ಪ್ರವೇಶ ಶುಲ್ಕ 1 ಕೋಟಿ ಡಾಲರ್. ಎರಡು ವರ್ಷದ ನಂತರ ಸಿಯಾಟಲ್ ಕೊಟ್ಟದ್ದು 3 ಕೋಟಿ. ಸಿಯಾಟಲ್‌ನ ಪಾಲುದಾರರಲ್ಲೊಬ್ಬರು ಹಾಸ್ಯನಟ ಡ್ರೂ ಕ್ಯಾರಿ. ತಂಡದ ಜನರಲ್ ಮ್ಯಾನೇಜರನ್ನು ಮತ ಹಾಕಿ ಕೆಳಗಿಳಿಸುವ ಹಕ್ಕು ಅಭಿಮಾನಿಗಳಿಗೆ ಇರಬೇಕೆಂದು ಹಟ ಹಿಡಿದು ಕೊಡಿಸಿದರು ಆತ. ಮೊದಲ ಹಂಗಾಮಿನಲ್ಲೇ ಅಲ್ಲಿ ಸರಾಸರಿ ಪ್ರೇಕ್ಷಕರ ಸಂಖ್ಯೆ 30 ಸಾವಿರ ದಾಟಿತು. ಅದಾದಮೇಲೆ ಶುಲ್ಕ ನಿಲ್ಲಲೇ ಇಲ್ಲ. ಮ್ಯಾಂಚೆಸ್ಟರ್ ಸಿಟಿಯ ಅರಬ್ ಒಡೆಯರು ನ್ಯೂಯಾರ್ಕ್ ಯಾಂಕೀಸ್ ಜೊತೆಗೂಡಿ 2015ರಿಂದ ಆಡಿದ ನ್ಯೂಯಾರ್ಕ್ ಸಿಟಿ ತಂಡಕ್ಕೆ ಕೊಟ್ಟದ್ದು 10 ಕೋಟಿ. ಸಿನ್ಸಿನಾಟಿ 15 ಕೋಟಿ. ಶಾರ್ಲೆಟ್ 32.5 ಕೋಟಿ ಎಂದು ವರದಿ. 2025ರಲ್ಲಿ ಮೂವತ್ತನೆಯ ತಂಡವಾಗಿ ಬಂದ ಸ್ಯಾನ್ ಡಿಯಾಗೊ 50 ಕೋಟಿ. ಈಜಿಪ್ಟ್ ಮೂಲದ ಬ್ರಿಟಿಷ್ ಉದ್ಯಮಿ ಮೊಹಮ್ಮದ್ ಮನ್ಸೂರ್ ಜೊತೆಗೆ ಆ ತಂಡದಲ್ಲಿ ಪಾಲು ಪಡೆದಿರುವುದು ಆ ನೆಲದ ಮೂಲನಿವಾಸಿಗಳಾದ ಕುಮೆಯಾಯ್ ಜನರ ಸಿಕ್ವಾನ್ ಪಂಗಡ.

ಡೇವಿಡ್ ಬೆಕಮ್‌ರದ್ದು ಇದರಲ್ಲಿ ಸೊಗಸಾದ ವ್ಯಾಪಾರ. 2007ರಲ್ಲಿ ಲಾಸ್ ಏಂಜಲಿಸ್ ಗ್ಯಾಲಕ್ಸಿಗೆ ಆಡಲು ಬರುವಾಗಲೇ, ಮುಂದೆ ಎಂದಾದರೂ 2.5 ಕೋಟಿ ಡಾಲರಿಗೆ ಹೊಸ ತಂಡ ಕೊಳ್ಳಬಹುದೆಂದು ಕರಾರಿನಲ್ಲಿ ಬರೆಸಿಕೊಂಡಿದ್ದರು. ನ್ಯೂಯಾರ್ಕ್ ಸಿಟಿ ಅದರ ನಾಲ್ಕು ಪಟ್ಟು ತೆತ್ತಿದ್ದ ಕಾಲದಲ್ಲಿ, 2014ರಲ್ಲಿ, ಆ ಚೀಟಿಯನ್ನು ಹೊರತೆಗೆದರು. ಅದೇ ಇಂಟರ್ ಮಯಾಮಿ.

ಈ ಶುಲ್ಕ ಯಾರಿಗೆ ಹೋಗುತ್ತದೆ? ಈಗಾಗಲೇ ಒಳಗಿರುವ ಮಾಲೀಕರಿಗೆ ಹಂಚಿಕೆಯಾಗುತ್ತದೆ. ಹೊಸಬರ ಹಣದಿಂದ ಹಳಬರ ನಷ್ಟ ತುಂಬಿಸುವ ಈ ಪದ್ಧತಿಯನ್ನು ಚೈನ್ ಸ್ಕೀಮ್ ಎಂದು ಟೀಕಾಕಾರರು ಜರೆದರು. ಆ ಟೀಕೆ ಅರ್ಧ ತಪ್ಪಿತು: ಲಾಸ್ ಏಂಜಲಿಸ್ ಎಫ್‌ಸಿಯ ಬೆಲೆ 100 ಕೋಟಿ ಡಾಲರ್ ಎಂದು ಫೋರ್ಬ್ಸ್ ಪತ್ರಿಕೆ 2023ರಲ್ಲಿ ಲೆಕ್ಕ ಹಾಕಿತು, ಅದೇ ವರ್ಷ ಆ್ಯಪಲ್ ಕಂಪನಿಯ ಜೊತೆಗಿನ 250 ಕೋಟಿ ಡಾಲರಿನ, ಹತ್ತು ವರ್ಷದ ಪ್ರಸಾರ ಒಪ್ಪಂದವೂ ಜಾರಿಗೆ ಬಂತು. ಆದರೆ ಬೆಲೆ ಏರಿದ್ದರ ಗುಟ್ಟು ಲೀಗಿನಲ್ಲಿ ಕುರ್ಚಿಗಳು, ಅಂದರೆ ತಂಡಗಳಿಗೆ ಜಾಗ, ಕಡಿಮೆ ಇರುವುದರಲ್ಲಿದೆ. ಇಂಗ್ಲೆಂಡಿನಲ್ಲಿ ಕೆಳಗಿನ ಹಂತದ ತಂಡ ಗೆಲ್ಲುತ್ತ ಗೆಲ್ಲುತ್ತ ಮೇಲಕ್ಕೆ ಬರಬಹುದು, ಸೋತದ್ದು ಇಳಿಯಬೇಕು. ಇಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದನ್ನು ಪ್ರಶ್ನಿಸಿ ಕೆಳಹಂತದ ಎರಡು ಕ್ಲಬ್ಬುಗಳು 2017ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದವು. 2020ರಲ್ಲಿ ಅರ್ಜಿ ವಜಾ ಆಯಿತು. ನಮ್ಮಲ್ಲೂ ಜೆಎಸ್‌ಡಬ್ಲ್ಯು ಕಟ್ಟಿದ ಬೆಂಗಳೂರು ಎಫ್‌ಸಿ 2013ರಲ್ಲಿ ಕೆಳಹಂತದ ಮೆಟ್ಟಿಲು ತುಳಿಯದೆ ನೇರವಾಗಿ ಆಗಿನ ಉನ್ನತ ಲೀಗಾದ ಐ-ಲೀಗ್‌ಗೆ ಬಂದು, ಮೊದಲ ವರ್ಷವೇ ಚಾಂಪಿಯನ್ ಆಯಿತು. ಆದರೆ 2023ರಲ್ಲಿ ಐ-ಲೀಗ್ ಗೆದ್ದ ಪಂಜಾಬ್ ತಂಡಕ್ಕೆ ಅಷ್ಟರಲ್ಲಿ ಮೇಲಿನ ಹಂತವಾಗಿದ್ದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಾಗಿಲು ತೆರೆಯಿತು. ಅಮೆರಿಕದಲ್ಲಿ ಅಷ್ಟೂ ಇಲ್ಲ.

ಬಾಗಿಲು ಮುಚ್ಚಿದ್ದರೆ ಊರುಗಳು ಕುಬೇರರ ಕೃಪೆಗೆ ಕಾಯಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ 2019ರಲ್ಲಿ ತಂಡ ಮಂಜೂರಾಗಿತ್ತು. ಒಂದೂವರೆ ವರ್ಷದೊಳಗೆ ಹಣ ಹಾಕುವವರು ಹಿಂದೆ ಸರಿದರು, ತಂಡವೂ ಹೋಯಿತು. ಇದಕ್ಕಿಂತ ಕಹಿಯಾದದ್ದು ಕೊಲಂಬಸ್ಸಿನ ಪಾಡು. ಹಂಟ್ ತೀರಿಕೊಂಡ ಮೇಲೆ ಅವರ ಕುಟುಂಬ 2013ರಲ್ಲಿ ಕ್ರೂ ತಂಡವನ್ನು ಆಂಥೊನಿ ಪ್ರೆಕೋರ್ಟ್ ಎಂಬ ಹೂಡಿಕೆದಾರರಿಗೆ ಮಾರಿತು. 2017ರ ಅಕ್ಟೋಬರಿನಲ್ಲಿ ಅವರು, ಹೊಸ ಮೈದಾನ ಸಿಗದಿದ್ದರೆ ತಂಡವನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯುವುದಾಗಿ ಹೇಳಿದರು. ಕೊಳ್ಳುವಾಗಲೇ ಒಪ್ಪಂದದಲ್ಲಿ ಆಸ್ಟಿನ್ ದಾರಿಯನ್ನು ತೆರೆದಿಟ್ಟುಕೊಂಡಿದ್ದರೆಂಬುದು ಆಮೇಲೆ ಬಯಲಾಯಿತು.

ಊರಿನವರು ಸುಮ್ಮನಿರಲಿಲ್ಲ. ‘ಸೇವ್ ದ ಕ್ರೂ’ ಎಂಬ ಚಳವಳಿ ಕಟ್ಟಿದರು. ಅಂಗಡಿ ಅಂಗಡಿಗಳಲ್ಲಿ ಫಲಕ, ಬೀದಿಯಲ್ಲಿ ಹಳದಿ ಬಾವುಟ. ಅವರ ನೆರವಿಗೆ ಬಂದದ್ದು ಒಂದು ಹಳೆಯ ಕಾನೂನು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಮಾಲೀಕ ಆರ್ಟ್ ಮೊಡೆಲ್ ಬೇರೆ ಊರಿಗೆ ಕೊಂಡೊಯ್ದಾಗ, ಒಹಾಯೋ ಶಾಸನಸಭೆ 1996ರಲ್ಲಿ ಮಾಡಿದ್ದದು: ಸರ್ಕಾರಿ ನೆರವು ಪಡೆದ ತಂಡವನ್ನು ಒಯ್ಯುವ ಮುನ್ನ ಆರು ತಿಂಗಳ ನೋಟಿಸು ಕೊಟ್ಟು, ಸ್ಥಳೀಯರಿಗೆ ಕೊಳ್ಳಲು ಅವಕಾಶ ಕೊಡಬೇಕು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೂ ನಗರವೂ ಈ ಕಾನೂನು ಹಿಡಿದು ದಾವೆ ಹೂಡಿದವು. ಕೊನೆಗೆ 2019ರ ಜನವರಿಯಲ್ಲಿ ತಂಡ ಕೈಗೆತ್ತಿಕೊಂಡವರು ಯಾರು ಗೊತ್ತೆ? ಅದೇ ಬ್ರೌನ್ಸ್ ಹೆಸರಿನ ತಂಡದ ಈಗಿನ ಒಡೆಯರಾದ ಹ್ಯಾಸ್ಲಮ್ ದಂಪತಿ, ಜೊತೆಗೆ ಕ್ರೂ ಆಟಗಾರರ ಗಾಯಗಳಿಗೆ ವರ್ಷಗಟ್ಟಲೆ ಚಿಕಿತ್ಸೆ ಮಾಡಿದ್ದ ತಂಡದ ವೈದ್ಯ ಪೀಟ್ ಎಡ್ವರ್ಡ್ಸ್ ಅವರ ಕುಟುಂಬ. 2020ರ ಡಿಸೆಂಬರಿನಲ್ಲಿ ಹಂಟ್ ಕಟ್ಟಿಸಿದ ಮೈದಾನದಲ್ಲೇ ಸಿಯಾಟಲ್ ಅನ್ನು 3-0ರಿಂದ ಸೋಲಿಸಿ ಕ್ರೂ ಚಾಂಪಿಯನ್ ಆಯಿತು.

ಪ್ರೆಕೋರ್ಟ್‌ಗೂ ನಷ್ಟವಾಗಲಿಲ್ಲ. ಆಸ್ಟಿನ್‌ನಲ್ಲಿ ಅವರಿಗೆ ಬೇರೆ ತಂಡವನ್ನೇ ಲೀಗು ಕೊಟ್ಟಿತು. ಇದನ್ನು ಜನರ ಗೆಲುವು ಎನ್ನುವವರು ಈ ಸಂಗತಿಯನ್ನೂ ನೆನಪಿಡಬೇಕು. ಕೊಲಂಬಸ್ ಉಳಿದದ್ದು ಒಂದು ಕಾನೂನು ಮತ್ತು ಕೊಳ್ಳುವ ತಾಕತ್ತಿದ್ದ ಇನ್ನೊಂದು ಸಿರಿವಂತ ಮನೆ, ಎರಡೂ ಇದ್ದುದರಿಂದ. ಬರೀ ಬಾವುಟ ಹಿಡಿದಿದ್ದರೆ ತಂಡ ಟೆಕ್ಸಸ್ ಸೇರುತ್ತಿತ್ತು.

ಆ ಅದೃಷ್ಟ ಎಲ್ಲ ಊರಿಗೂ ಇಲ್ಲ. 2011ರಲ್ಲಿ ಲೀಗು ಸೇರಿದ ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ತಂಡವನ್ನು ಮಾರುವುದಾಗಿ ಒಡೆಯರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಮರುವರ್ಷ ಆ ತಂಡ ಮೊದಲ ಬಾರಿಗೆ ಈ ಲೀಗಿನ ಫೈನಲ್ ತಲುಪಿತು, ಮೆಸ್ಸಿಯ ಮಯಾಮಿ ಎದುರು 3-1ರಿಂದ ಸೋತಿತು. ಫೈನಲ್ ಆಡಿದ ದಿನವೂ ತಂಡ ಮಾರಾಟಕ್ಕಿತ್ತು.