ಡಾನ್ ಡ್ರೇಪರ್‌ನ ಗ್ಲಾಸಿಗೆ ನಮ್ಮೂರ ಪುನರ್ಪುಳಿ

ಪ್ರವಾಸಿ ಹಡಗಿನ ಬಾರಿನಲ್ಲಿ ಕೆಲಸಕ್ಕಿದ್ದಾಗ ಗಿರಾಕಿಗಳ ರುಚಿ ಬದಲಾದದ್ದನ್ನು ಕೌಂಟರಿನ ಹಿಂದೆ ನಿಂತು ಕಣ್ಣಾರೆ ಕಂಡವನು ನಾನು. ಮೊದಲೆಲ್ಲ ನೀಲಿ, ಹಸಿರು ಬಣ್ಣದ ಸಿಹಿಸಿಹಿ ಪಾನೀಯಗಳಿಗೇ ಬೇಡಿಕೆ. ಮೇಲೊಂದು ಕಾಗದದ ಕೊಡೆ ಸಿಕ್ಕಿಸಿದರೆ ಇನ್ನೂ ಖುಷಿ. ಆಮೇಲಾಮೇಲೆ ಮೂವತ್ತರ ಆಸುಪಾಸಿನವರು ಬಂದು ‘ಓಲ್ಡ್ ಫ್ಯಾಷನ್ಡ್’ ಕೇಳತೊಡಗಿದರು. ಅವರ ಅಜ್ಜಂದಿರು ಕುಡಿಯುತ್ತಿದ್ದ ಪಾನೀಯ ಅದು. ಇದೆಲ್ಲಿಂದ ನೆನಪಾಯಿತು ಎಂದರೆ ಹೆಚ್ಚಿನವರು ಒಂದೇ ಹೆಸರು ಹೇಳುತ್ತಿದ್ದರು: ‘ಮ್ಯಾಡ್ ಮೆನ್’.

ಮ್ಯಾಥ್ಯೂ ವೀನರ್ ರೂಪಿಸಿದ ಈ ಧಾರಾವಾಹಿ 2007ರ ಜುಲೈಯಲ್ಲಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ ಶುರುವಾಗಿ 2015ರ ಮೇ ತಿಂಗಳಲ್ಲಿ ಮುಗಿಯಿತು. 1960ರ ದಶಕದ ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದರ ಕಥೆ. ನಾಯಕ ಡಾನ್ ಡ್ರೇಪರ್‌ಗೆ ಓಲ್ಡ್ ಫ್ಯಾಷನ್ಡ್, ಹೆಂಡತಿ ಬೆಟ್ಟಿಗೆ ವೋಡ್ಕಾ ಗಿಮ್ಲೆಟ್, ಪಾಲುದಾರ ರೋಜರ್‌ಗೆ ಮಾರ್ಟಿನಿ. ಕಚೇರಿಯಲ್ಲೇ ಬಾಟಲಿ ತೆರೆಯುವ ಕಾಲ ಅದು. ಕುಡಿತದ ಹಾನಿಯನ್ನೂ ಧಾರಾವಾಹಿ ಮುಚ್ಚಿಟ್ಟಿಲ್ಲ. ಫ್ರೆಡ್ಡಿ ರಮ್ಸೆನ್ ಎಂಬ ಹಿರಿಯ ನೌಕರ ಕುಡಿತದಿಂದಲೇ ಕೆಲಸ ಕಳೆದುಕೊಳ್ಳುತ್ತಾನೆ. ಕಾಕ್‌ಟೇಲ್ ಕಲಿಯುವ ಆಸೆಯಿಂದ ಅದನ್ನು ನೋಡುವವರು ಆ ಭಾಗವನ್ನು ದಾಟಿಸಿ ನೋಡಬಾರದು.

ನನಗೆ ಬಹಳ ಹಿಡಿಸಿದ್ದು ಮೂರನೇ ಸರಣಿಯ ಒಂದು ದೃಶ್ಯ. ಪಾರ್ಟಿಯೊಂದರಿಂದ ತಪ್ಪಿಸಿಕೊಂಡು ಬಂದ ಡಾನ್, ಪರಿಚಾರಕನಿಲ್ಲದ ಬಾರಿನ ಕೌಂಟರ್ ಹಾರಿ ಒಳಗೆ ಇಳಿಯುತ್ತಾನೆ. ಅಲ್ಲಿದ್ದ ಅಪರಿಚಿತ ಮುದುಕನಿಗೂ ತನಗೂ ಓಲ್ಡ್ ಫ್ಯಾಷನ್ಡ್ ಮಾಡುತ್ತಾನೆ. ಮಣಿಪಾಲದಲ್ಲಿ ಹೋಟೆಲ್ ವಿದ್ಯೆ ಕಲಿತವನಾದ ನನ್ನ ಕಣ್ಣು ಅವನ ಮಾತಿಗಿಂತ ಕೈಯ ಮೇಲೇ ಇತ್ತು. ಕೆಲಸ ಬಲ್ಲ ಕೈ. ಅವಸರವಿಲ್ಲ.

ಈ ಪಾನೀಯದ ಬೇರು ಹಳೆಯದು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು 1806ರ ಮೇ ತಿಂಗಳಲ್ಲಿ ಓದುಗರಿಗೆ ಉತ್ತರಿಸುತ್ತ, ಕಾಕ್‌ಟೇಲಿನಲ್ಲಿ ಇರುವುದು ಮದ್ಯ, ಸಕ್ಕರೆ, ನೀರು ಮತ್ತು ಕಹಿ ಎಂದು ವಿವರಿಸಿತ್ತು. ಮುಂದೆ ಬಾರಿನವರು ಬಗೆಬಗೆಯ ಲಿಕ್ಯೂರ್ ಸುರಿಯತೊಡಗಿದರೂ ಹಳಬರು ಹಟ ಹಿಡಿದು ಈ ನಾಲ್ಕನ್ನೇ ಕೇಳಿ ಉಳಿಸಿಕೊಂಡರು. ಕಹಿಗೆ ಬಳಸುವ ಅಂಗೋಸ್ಟುರಾ ಬಿಟರ್ಸ್ ಮೂಲತಃ ಔಷಧ. ಸಿಮೋನ್ ಬೊಲಿವಾರ್‌ನ ಸೇನೆಯಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ ವೆನೆಜುವೆಲಾದಲ್ಲಿ 1824ರಲ್ಲಿ ಹೊಟ್ಟೆಯ ತೊಂದರೆಗೆಂದು ಅದನ್ನು ತಯಾರಿಸಿದ.

ಕಹಿಯೇ ಮದ್ದು ಎಂಬುದನ್ನು ತುಳುನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತಂದ ಪಾಲೆ ಮರದ ಕೆತ್ತೆಯ ಕಷಾಯವನ್ನು ಬರಿಹೊಟ್ಟೆಗೆ ಕುಡಿದು, ಮೇಲೆ ಮೆಂತೆ ಗಂಜಿ ಉಂಡು ಬೆಳೆದವರು ನಾವು. ಆ ಕಹಿಯನ್ನೇ ಕಾಕ್‌ಟೇಲಿಗೆ ಹಾಕಬಹುದಲ್ಲ ಎಂದು ಮಣಿಪಾಲದ ಹುಡುಗರು ಕೇಳುವುದುಂಟು. ಬೇಡವೇ ಬೇಡ ಎನ್ನುತ್ತೇನೆ. ಮರ ತಪ್ಪಿದರೆ ಜೀವಕ್ಕೇ ಅಪಾಯ. ಗುರುತು ಬಲ್ಲ ಹಿರಿಯರ ಕೈಯಲ್ಲಿ, ಅದರದೇ ದಿನಕ್ಕೆ ಅದು ಇರಲಿ.

ಮನೆಯಲ್ಲಿ ನಾನು ಮಾಡುವ ಕ್ರಮ ಹೀಗೆ. ದಪ್ಪ ತಳದ ಗ್ಲಾಸಿಗೆ ಒಂದು ಚಮಚ ಓಲೆಬೆಲ್ಲದ ಪಾಕ. ಬೆಲ್ಲಕ್ಕೆ ಸಮತೂಕ ನೀರು ಸೇರಿಸಿ ಕುದಿಸಿ ಬಟ್ಟೆಯಲ್ಲಿ ಸೋಸಿಟ್ಟದ್ದು. ಅದಕ್ಕೆ ಮೂರು ತೊಟ್ಟು ಬಿಟರ್ಸ್, ಅಳೆದು 60 ಮಿ.ಲೀ. ವಿಸ್ಕಿ. ದೊಡ್ಡದೊಂದು ಐಸ್ ತುಂಡು ಹಾಕಿ ಅರ್ಧ ನಿಮಿಷ ನಿಧಾನ ತಿರುಗಿಸಬೇಕು. ಕೊನೆಗೆ ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಡಿದು ಹಿಂಡಿದರೆ ಅದರ ಎಣ್ಣೆ ಮೇಲ್ಮೈಯಲ್ಲಿ ಹರಡುತ್ತದೆ. ಮೂಗಿಗೆ ಮೊದಲು ಬರುವುದೇ ಆ ಪರಿಮಳ. ಅಮೆರಿಕದ ರೈ ವಿಸ್ಕಿ ಇಲ್ಲಿ ಸುಲಭವಾಗಿ ಸಿಗದು. ನಮ್ಮ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯ ಬೆರೆಸಿದಂಥವು, ಬೆಲ್ಲದ ಜೊತೆ ಸಪ್ಪೆಯಾಗುತ್ತವೆ. ಬಾರ್ಲಿಯಿಂದಲೇ ಮಾಡಿದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಬಿಡುಗಡೆಯಾಗಿ ಹೆಸರು ಮಾಡಿತು. ಓಲೆಬೆಲ್ಲಕ್ಕೆ ಅಂಥದ್ದೇ ಸರಿ ಜೋಡಿ.

ಐಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಮಲ್ಪೆ ಬಂದರಿನ ಹಲಗೆ ಐಸ್ ನೋಡಲು ಚೆಂದವೇ, ಆದರೆ ಅದು ಮೀನಿಗೆ. ನೀರು ಕುದಿಸಿ ಆರಿಸಿ, ಮುಚ್ಚಳ ತೆಗೆದ ಸಣ್ಣ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಡಬ್ಬವಿಟ್ಟು ಫ್ರೀಜರಿಗೆ ಸೇರಿಸಿ. ಚಳಿ ಮೇಲಿನಿಂದ ಮಾತ್ರ ಇಳಿಯುವುದರಿಂದ ಗಾಳಿಯ ಗುಳ್ಳೆಗಳೆಲ್ಲ ತಳಕ್ಕೆ ಸರಿದು, ಮೇಲರ್ಧ ಕನ್ನಡಿಯಂತೆ ಕಟ್ಟುತ್ತದೆ. ಬೆಳ್ಳಗಾದ ತಳವನ್ನು ಒಡೆದು ತೆಗೆದರಾಯಿತು. ದೊಡ್ಡ ತುಂಡು ತಡವಾಗಿ ಕರಗುತ್ತದೆ, ಪಾನೀಯ ನೀರಾಗುವುದಿಲ್ಲ.

ಬೆಟ್ಟಿಯ ಗಿಮ್ಲೆಟ್ಟಿನ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ಅದು ಕಡಲಿನಲ್ಲಿ ಹುಟ್ಟಿದ ಪಾನೀಯ. ತಿಂಗಳುಗಟ್ಟಲೆ ತಾಜಾ ಹಣ್ಣಿಲ್ಲದೆ ನಾವಿಕರಿಗೆ ಸ್ಕರ್ವಿ ರೋಗ ಬರುತ್ತಿತ್ತು. ಲಿಂಬೆರಸ ಅದನ್ನು ತಡೆಯುತ್ತಿತ್ತು. ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ 1867ರಲ್ಲಿ ಮದ್ಯ ಬೆರೆಸದೆ ಸಕ್ಕರೆಯಲ್ಲಿ ಲಿಂಬೆರಸ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಲಿಂಬೆರಸ ಇರಲೇಬೇಕೆಂಬ ಕಾನೂನು ಬಂದದ್ದೂ ಅದೇ ವರ್ಷ. ನಮ್ಮ ಕಾಪುವಿನ ದೀಪಸ್ತಂಭ ಬೆಳಗಿದ್ದು 1901ರಲ್ಲಿ. ಅದರ ಬೆಳಕು ನೋಡಿಕೊಂಡು ಸಾಗಿದ ಆ ಕಾಲದ ಬ್ರಿಟಿಷ್ ಹಡಗುಗಳಲ್ಲೂ ಆ ಲಿಂಬೆರಸ ಇದ್ದಿರಬೇಕು. ಅದಕ್ಕೆ ಜಿನ್ ಸೇರಿದಾಗ ಗಿಮ್ಲೆಟ್ ಆಯಿತು.

ರೋಸ್ ಮಾಡಿದ ಕೆಲಸವನ್ನೇ ಕಾರ್ಕಳದ ನನ್ನ ಚಿಕ್ಕಮ್ಮ ಪ್ರತಿ ಬೇಸಿಗೆ ಪುನರ್ಪುಳಿಯಲ್ಲಿ ಮಾಡುತ್ತಾರೆ. ಕಪ್ಪುಗೆಂಪಿಗೆ ತಿರುಗಿದ ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಒತ್ತೊತ್ತಾಗಿ ಜೋಡಿಸುತ್ತಾರೆ. ಬಾಯಿಗೆ ಬಟ್ಟೆ ಕಟ್ಟಿ ಅಂಗಳದ ಬಿಸಿಲಿಗೆ ಇಡುತ್ತಾರೆ. ದಿನ ಹೋದಂತೆ ಸಕ್ಕರೆ ಕರಗಿ ರಸವಾಗಿ, ಸಿಪ್ಪೆ ಕುಗ್ಗಿ ತಳ ಸೇರುತ್ತದೆ. ಬೇಗ ಆಗಲೆಂದು ಒಮ್ಮೆ ಒಲೆಯ ಮೇಲೆ ಇಡೋಣವೇ ಎಂದೆ. “ಬೆಂಕಿ ಎಂತಕ್ಕೆ ಮಗಾ? ಬಿಸಿಲು ಉಂಟಲ್ಲ” ಎಂದರು. ಅವರ ಮಾತು ಸರಿ. ಕುದಿಸಿದ ರಸದಲ್ಲಿ ಹಣ್ಣಿನ ಹಸಿ ಪರಿಮಳ ಉಳಿಯುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯೂ ಕೂಡದು, ಹುಳಿ ಅದನ್ನು ತಿನ್ನುತ್ತದೆ.

ಆ ರಸ 20 ಮಿ.ಲೀ., ಜಿನ್ 45 ಮಿ.ಲೀ., ಲಿಂಬೆರಸ 10 ಮಿ.ಲೀ., ಚಿಟಿಕೆ ಉಪ್ಪು. ಹಣ್ಣಿನ ರಸ ಇರುವುದನ್ನು ಕುಲುಕಬೇಕು, ಬರೀ ಮದ್ಯ ಇರುವುದನ್ನು ತಿರುಗಿಸಬೇಕು. ಹಳೆಯ ಬಾರುಗಳ ನಿಯಮ ಇದು. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಸಾಕು. ಐಸ್ ತುಂಬಿಸಿ, ಡಬ್ಬದ ಹೊರಮೈ ಮಂಜುಗಟ್ಟುವವರೆಗೆ ಜೋರಾಗಿ ಕುಲುಕಿ ಚಹಾ ಜಾಲರಿಯಲ್ಲಿ ಸೋಸಿ. ಲಿಂಬೆಯ ಹುಳಿ ನಾಲಗೆಯ ತುದಿಗೆ ಚುರ್ರೆನ್ನುತ್ತದೆ, ಪುನರ್ಪುಳಿಯದು ನಿಧಾನವಾಗಿ ಬಂದು ಗಂಟಲಿನವರೆಗೂ ಇರುತ್ತದೆ. ಹಡಗಿನಲ್ಲಿ ಬಾಟಲಿ ಲಿಂಬೆರಸ ಸುರಿದು ನಾನು ಮಾಡಿಕೊಟ್ಟ ಯಾವ ಗಿಮ್ಲೆಟ್ಟೂ ಇದರ ಹತ್ತಿರ ಸುಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಕುಡಿಯದವರೇ ಹೆಚ್ಚು. ಅವರ ಕೈಗೆ ಪೇಟೆಯ ಸಿಹಿನೀರು ಕೊಟ್ಟು ಕೂರಿಸುವುದು ನನಗೆ ಸರಿಕಾಣುವುದಿಲ್ಲ. ಬಿಟರ್ಸ್ ಬಾಟಲಿಯಲ್ಲೂ ಶೇ. 44.7ರಷ್ಟು ಆಲ್ಕೋಹಾಲ್ ಇದೆ, ಆದ್ದರಿಂದ ಅವರ ಗ್ಲಾಸಿಗೆ ಅದರ ತೊಟ್ಟೂ ಬೀಳಬಾರದು. ಇದಕ್ಕೆ ದಾರಿ ತೋರಿಸಿದ್ದು ಇನ್ನೊಂದು ಧಾರಾವಾಹಿ. ಶಂಕರ್ ನಾಗ್ ನಿರ್ದೇಶಿಸಿ 1987ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ದೊಡ್ಡಮನೆ ಆಗುಂಬೆಯಲ್ಲಿದೆ. ಕಾರ್ಕಳದಿಂದ ಹೆಬ್ರಿ ದಾಟಿ ಘಾಟಿ ಹತ್ತಿದರೆ ಸಿಗುತ್ತದೆ. ಅಲ್ಲಿಗೆ ಬಂದವರಿಗೆ ಕಷಾಯ ಕೊಡುವ ರೂಢಿ. ಅದನ್ನು ಕುಡಿಯುತ್ತಿದ್ದಾಗಲೇ ಹೊಳೆಯಿತು, ಬೆಲ್ಲ, ಖಾರ, ಸ್ವಲ್ಪ ಒಗರು ಎಲ್ಲ ಇದರಲ್ಲೇ ಇದೆಯಲ್ಲ ಎಂದು. ಈಗ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿಯ ಕಷಾಯವನ್ನು ಗಟ್ಟಿಯಾಗಿ ಕುದಿಸಿ, ಚಹಾದ ಡಿಕಾಕ್ಷನ್ ಎರಡು ಚಮಚ ಬೆರೆಸಿ, ಸೋಸಿ ತಣಿಸಿಡುತ್ತೇನೆ. ಓಲೆಬೆಲ್ಲದ ಪಾಕ, ದೊಡ್ಡ ಐಸ್, ಕಿತ್ತಳೆ ಸಿಪ್ಪೆ ಎಲ್ಲ ಡಾನ್‌ನ ಕ್ರಮದಂತೆಯೇ. ಪುನರ್ಪುಳಿಗೆ ಜಿನ್ ಬದಲು ಗೋಲಿ ಸೋಡಾ. ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಕಾಲದ ಲೆಕ್ಕ ಹಿಡಿದರೆ ಡಾನ್ ಡ್ರೇಪರ್‌ಗಿಂತ ಅದೇ ಹಳೆಯದು!

ಇದರೊಟ್ಟಿಗೆ ರವೆ ಹಚ್ಚಿ ಹುರಿದ ಕಾಣೆ ಮೀನು ಇದ್ದರೆ ಗಿಮ್ಲೆಟ್ಟಿನ ಹುಳಿ ಇನ್ನಷ್ಟು ಏಳುತ್ತದೆ. ಮೀನು ತಿನ್ನದವರಿಗೆ ಜೀಗುಜ್ಜೆ ಪೋಡಿ. ಕುಡಿಯುವವರಿಗೂ ನಮ್ಮಲ್ಲಿ ಎರಡೇ ಗ್ಲಾಸು. ಉಡುಪಿ, ಮಣಿಪಾಲದಿಂದ ಬೈಕಿನಲ್ಲಿ ಬಂದ ಗೆಳೆಯರ ಕೀಲಿ ಮೊದಲೇ ನನ್ನ ಹೆಂಡತಿಯ ಕೈ ಸೇರಿರುತ್ತದೆ. ಬೆಳಿಗ್ಗೆ ನೀರುದೋಸೆ ತಿಂದ ಮೇಲೆಯೇ ಅದು ವಾಪಸ್.