ಹವಾಯಿಯಲ್ಲಿ ಕಾಡು ಆಡುಗಳ ಬಿಲ್ಲುಬೇಟೆ

ಹವಾಯಿ ದ್ವೀಪಗಳಲ್ಲಿ ಕಾಡು ಸೇರಿದ ಆಡುಗಳನ್ನು ವಾರಾಂತ್ಯಗಳಲ್ಲಿ ಬಿಲ್ಲುಬಾಣಗಳಿಂದ ಬೇಟೆಯಾಡಿ ಮನೆಯ ಅಡುಗೆಗೆ ಬಳಸುವ ರೂಢಿಯಿದೆ. ಇವು ಅಲ್ಲಿನ ಮೂಲಪ್ರಾಣಿಗಳಲ್ಲ. 1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ನೀಹಾವು ದ್ವೀಪದಲ್ಲಿ ಬಿಟ್ಟ ಸಾಕುಆಡುಗಳಿಂದ ಇವುಗಳ ಇತಿಹಾಸ ಆರಂಭವಾಗುತ್ತದೆ. ಗೊರಸುಳ್ಳ ಪ್ರಾಣಿಗಳಿಲ್ಲದೆ ವಿಕಾಸಗೊಂಡಿದ್ದ ಅಲ್ಲಿನ ಸಸ್ಯಗಳಿಗೆ ಇವುಗಳಿಂದ ಅಪಾರ ಹಾನಿಯಾಯಿತು. ಮೌನಾ ಕೀ ಪರ್ವತದ ಪಲೀಲಾ ಹಕ್ಕಿಗೆ ಮಾಮನೆ ಮರದ ಎಳೆಯ ಬೀಜಗಳೇ ಮುಖ್ಯ ಆಹಾರ. ಆ ಮರದ ಸಸಿಗಳನ್ನು ಆಡು, ಕುರಿಗಳು ಮೇಯುತ್ತಿದ್ದವು. 1979ರಲ್ಲಿ ನ್ಯಾಯಾಲಯವು ಅವುಗಳನ್ನು ಅಲ್ಲಿಂದ ತೆರವುಗೊಳಿಸಲು ಆದೇಶಿಸಿತು. ಬೇಟೆಯ ಮಾಂಸವನ್ನು ನೆಚ್ಚಿದ ಕುಟುಂಬಗಳಿಗೆ ಇಂತಹ ನಿರ್ಮೂಲನ ಒಪ್ಪಿಗೆಯಾಗಿಲ್ಲ. ಎರಡು ಪಕ್ಷಗಳ ಮಾತಿನಲ್ಲೂ ಸತ್ಯಾಂಶವಿದೆ.

ಬೇಟೆಗೆ ಪರವಾನಗಿ ಕಡ್ಡಾಯ. ಬಿಲ್ಲುಗಾರನು ಸಾಮಾನ್ಯವಾಗಿ 20–30 ಮೀಟರ್ ಸಮೀಪಕ್ಕೆ ಸಾಗಬೇಕು. ಆಡಿನ ದೃಷ್ಟಿ, ಘ್ರಾಣಶಕ್ತಿಗಳೆರಡೂ ತೀಕ್ಷ್ಣವಾದುದರಿಂದ ಗಾಳಿಗೆ ಎದುರಾಗಿ, ಬಂಡೆಗಳ ಮರೆಯಲ್ಲಿ ನಡೆಯುವುದು ಅನಿವಾರ್ಯ. ಬಾಣವು ಹೃದಯ ಅಥವಾ ಶ್ವಾಸಕೋಶಕ್ಕೆ ತಾಗದಿದ್ದರೆ ಪ್ರಾಣಿ ಗಾಯದಿಂದ ನರಳುತ್ತದೆ. ಆದ್ದರಿಂದ ಗುರಿ ಖಚಿತವಿಲ್ಲದಾಗ ಬಾಣ ಬಿಡದಿರುವುದೇ ಒಳ್ಳೆಯ ಬೇಟೆಗಾರನ ಲಕ್ಷಣ. ಬಾಣ ತಗುಲಿದ ಕೂಡಲೇ ಬೆನ್ನಟ್ಟದೆ, ಕೆಲಹೊತ್ತು ಕಾದು ರಕ್ತದ ಜಾಡು ಹಿಡಿಯುತ್ತಾರೆ. ಬಿಸಿಲಿನಲ್ಲಿ ಮಾಂಸ ಬೇಗ ಕೆಡುವುದರಿಂದ ಕರುಳನ್ನು ತಕ್ಷಣ ತೆಗೆದು, ಮಾಂಸವನ್ನು ತಣ್ಣಗಿಡುತ್ತಾರೆ. ಮುದಿ ಹೋತದ ಮಾಂಸಕ್ಕೆ ಕಟುವಾಸನೆ. ಎಳೆಯ ಆಡಿನದು ಮೃದು.